ಊಂಗುಟ್ಟಿದವನು

ಎದುರಿಗಿರುವವರು ಮಾತಾಡುತ್ತಿದ್ದರೆ ಕೇಳುವವನು ಊಂಗುಟ್ಟಬೇಕು. ನಮ್ಮ ಹದಿನಾರು ಎಂಬ ಊರಿನಲ್ಲಿ ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಎದೆಹಾಲಿನ ಜೊತೆಗೇ ಬಂದುಬಿಡುತ್ತದೆ. ಅಜ್ಜಿ ಕಥೆ ಹೇಳುವಾಗ ಮಗು ಊಂಗುಟ್ಟುವುದನ್ನು ಬಿಟ್ಟರೆ ಅಜ್ಜಿಯೂ ಕಥೆ ಬಿಟ್ಟು ಮಗ್ಗುಲಾಗುತ್ತಾಳೆ. ಮಠದ ಸ್ವಾಮಿಗಳು ವಚನಕ್ಕೆ ಅರ್ಥ ಹೇಳಲಿ, ಶೇಕ್ದಾರರು ಕಂದಾಯದ ಲೆಕ್ಕ ಹೇಳಲಿ, ತಲೆಗೆ ಹೋಗಲಿ ಬಿಡಲಿ, ಮಾತು ನಿಂತ ಕಡೆಯಲ್ಲೆಲ್ಲ ಒಂದು ‘ಊ ಸಾ’ ಬೀಳಲೇಬೇಕು. ಕಲ್ಲಿನ ಹಾಗೆ ನಿಂತರೆ, ‘ಏನ್ಲಾ, ಕೊಬ್ಬಾ ನಿಂಗೆ?’ ಎನ್ನುತ್ತಾರೆ. ಊಂ ಎಂದರೆ ಒಪ್ಪಿದೆ ಎಂದಲ್ಲ. ಕೇಳಿಸಿಕೊಳ್ಳುತ್ತಿದ್ದೇನೆ, ನಿಮ್ಮ ಮಾತಿಗೆ ನನ್ನಲ್ಲಿ ಮರ್ಯಾದೆ ಉಂಟು ಎಂದಷ್ಟೇ. ಇಷ್ಟು ತಿಳಿಯದವರು ಕನ್ನಡ ಸೀಮೆಯಲ್ಲಿ ಇದ್ದಾರು ಎಂದು ಯಾರು ಕನಸು ಕಂಡಿದ್ದರು!

ಹಿಟ್ಟಿನ ಗಿರಣಿಯ ರಾಚಯ್ಯ ಈ ವಿಷಯದಲ್ಲಿ ಊರಿಗೇ ಒಂದು ಕೈ ಮೇಲು. ವರ್ಷಗಟ್ಟಲೆ ಗಿರಣಿಯ ಸದ್ದಿನ ಪಕ್ಕದಲ್ಲೇ ನಿಂತು ಅವನ ಕಿವಿ ಸ್ವಲ್ಪ ಮಂದವಾಗಿತ್ತು, ಗಂಟಲು ಮಾತ್ರ ತಮಟೆಯಂತಾಗಿತ್ತು. ಅವನು ಊಂ ಎಂದರೆ ಮೂರನೇ ಮನೆಗೆ ಕೇಳುತ್ತಿತ್ತು. ಹೆಂಡತಿ ಮಲ್ಲಾಜಮ್ಮನದು ಅದಕ್ಕೆ ಪೂರ್ತಿ ತಿರುವುಮುರುವು. ಅವಳು ಮಾತಾಡಿದರೆ ಎದುರಿಗಿರುವವರು ಬಗ್ಗಿ ಕೇಳಬೇಕು. ಮನೆಯೊಳಗೆ ಮಗಳು ಚೈತ್ರಳ ಹತ್ತಿರ ಏನಾದರೂ ನಾಲ್ಕು ಮಾತು, ಹೊರಗಿನವರ ಮುಂದೆ ಅದೂ ಇಲ್ಲ. ಇಂಥ ಗಂಡ ಇಂಥ ಹೆಂಡತಿ ಒಂದೇ ಸೂರಿನಡಿ ಜಗಳವಿಲ್ಲದೆ ಬಾಳಿದರು. ಇವನು ಎಲ್ಲದಕ್ಕೂ ಕೂಗುತ್ತಿದ್ದ, ಅವಳು ಯಾವುದಕ್ಕೂ ಎದುರಾಡುತ್ತಿರಲಿಲ್ಲ. ಹಾಗೆ ಬಾಳುವೆ ಸಾಗಿತ್ತು.

ಎರಡು ಸಾವಿರದ ಮೂರನೇ ಇಸವಿಯ ಮಾಗಿಯಲ್ಲಿ ನಂಜನಗೂಡಿನಿಂದ ಒಂದು ಸುದ್ದಿ ಬಂತು. ಅಲ್ಲಿ ನರ್ಸಿಂಗ್ ಹೋಮ್ ಇಟ್ಟಿದ್ದ ಡಾಕ್ಟರ್ ಅಮೃತೇಶ್ ಒಂದು ಕಂಪ್ಯೂಟರ್ ತಂದಿದ್ದಾರಂತೆ, ಅವರು ಬಾಯಲ್ಲಿ ಹೇಳಿದ್ದನ್ನು ಅದೇ ಕೇಳಿಸಿಕೊಂಡು ಅದೇ ಬರೆದುಕೊಳ್ಳುತ್ತದಂತೆ! ಡಾಕ್ಟರು ಪೆನ್ನೇ ಮುಟ್ಟುವುದಿಲ್ಲವಂತೆ. ಬೆಳಿಗ್ಗೆ ಎದ್ದು ಅದರ ಮುಂದೆ ಕೂತು ಪುಸ್ತಕ ಓದಿ ಓದಿ, ತಮ್ಮ ದನಿಯನ್ನು ಅದಕ್ಕೆ ರೂಢಿ ಮಾಡಿಸಿದ್ದಾರಂತೆ. ರೋಗವಿಲ್ಲದವರೂ ಒಂದು ಕೆಮ್ಮು ಹುಟ್ಟಿಸಿಕೊಂಡು ನೋಡಲು ಹೋಗುತ್ತಿದ್ದರು. ಅಮೃತೇಶ್ ನಮ್ಮವರು, ಮಠದ ಶಾಲೆಯಲ್ಲಿ ಓದಿ ಮೇಲೆ ಬಂದವರು ಎಂಬ ಹೆಮ್ಮೆ ಬೇರೆ. ಗಿರಣಿಗೆ ರಾಗಿ ತಂದವರಿಗೆಲ್ಲ ರಾಚಯ್ಯ ಈ ಪೆಟ್ಟಿಗೆಯ ವರ್ಣನೆ ಮಾಡುತ್ತಿದ್ದ. ತಾನು ಅದನ್ನು ಕಣ್ಣಲ್ಲಿ ಕಂಡಿಲ್ಲ ಎಂಬುದೊಂದೇ ಅವನ ಕೊರಗು.

ಕೊರಗು ತೀರುವ ಕಾಲ ಬಂತು. ಮಲ್ಲಾಜಮ್ಮನಿಗೆ ಎರಡು ದಿನದಿಂದ ಎದೆ ಉರಿ, ವಾಕರಿಕೆ, ಸುಮ್ಮನೆ ಕೂತರೂ ಹಣೆಯಲ್ಲಿ ಬೆವರು. ಓಮದ ನೀರು ಕುಡಿದದ್ದಾಯಿತು, ಸೋಡಾ ಕುಡಿದದ್ದಾಯಿತು. ‘ನಡಿ, ಅಮೃತೇಶಪ್ಪೋರ್ ತಾವ್ಕೇ ಓಗ್ಬುಡವ’ ಎಂದು ರಾಚಯ್ಯ ಗಿರಣಿಗೆ ಬೀಗ ಹಾಕಿ ಹೊರಡಿಸಿದ. ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತು, ಸೆರಗಿನೊಳಗೆ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡಿದ್ದಳು.

‘ಇಗಾ, ಈ ಎಡಗೈ ಭುಜದಿಂದ ಕೆಳೀಕೆ ಸೆಳೀತದೆ ಕಣ್ರೀ’ ಎಂದಳು. ‘ಸಾಯೇಬ್ರ ಮುಂದೆ ನಂಗೆ ಬಾಯೇ ಬರಾಕಿಲ್ಲ. ನೀವೇ ಏಳ್ಬುಡಿ.’

‘ಊ, ಏಳ್ತೀನಿ ಬುಡು’ ಎಂದ ರಾಚಯ್ಯ.

ನರ್ಸಿಂಗ್ ಹೋಮಿನಲ್ಲಿ ನರ್ಸ್ ಸರ್ವಮಂಗಳಾ ಒಳಗೆ ಬಿಡುವ ಮೊದಲು ಎಲ್ಲರಿಗೂ ಒಂದೇ ಪಾಠ ಒಪ್ಪಿಸುತ್ತಿದ್ದಳು. ‘ನೋಡಿ, ಡಾಕ್ಟ್ರು ಮೈಕಲ್ಲಿ ಮಾತಾಡ್ವಾಗ ಯಾರೂ ಮಧ್ಯೆ ಬಾಯಿ ಹಾಕ್ಬೇಡಿ. ಅದು ನಿಮ್ಮ ಮಾತನ್ನೂ ಏನೇನೋ ಅಂತ ಬರ್ಕೊಂಡ್ಬಿಡುತ್ತೆ. ಆಮೇಲೆ ಟೇಪ್ ಹಾಕ್ಕೊಂಡು ಕೇಳಿ ಕೇಳಿ ತಿದ್ದಿ ಸಾಯೋಳು ನಾನು.’

ಒಳಗೆ ಹೋದರೆ, ಅಬ್ಬಾ! ಮೇಜಿನ ಮೇಲೆ ಕಂಪ್ಯೂಟರು, ಅದರ ಮುಂದೆ ಕತ್ತು ಬಗ್ಗಿಸಿಕೊಂಡು ನಿಂತ ಪುಟ್ಟ ಮೈಕು. ಮೊದಲೆಲ್ಲ ಅಮೃತೇಶ್ ರೋಗಿಯ ಕಡೆ ತಿರುಗಿ ಕೂತು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಎಳೆದುಕೊಂಡು, ಏನವ್ವ ಎತ್ತವ್ವ ಎಂದು ವಿಚಾರಿಸಿ ಆಮೇಲೆ ಬರೆಯುತ್ತಿದ್ದವರು. ಈಗ ಕುರ್ಚಿ ಗೋಡೆಯ ಕಡೆಗಿತ್ತು. ‘ಏನಾಗುತ್ತಮ್ಮ?’ ಎಂದರು. ಮಲ್ಲಾಜಮ್ಮ ಎದೆಗೂ ಹೊಟ್ಟೆಗೂ ನಡುವೆ ಕೈಯಿಟ್ಟು, ‘ಇಲ್ಲಿ ಉರೀತದೆ ಸಾ’ ಎಂದಳು. ಹೊಟ್ಟೆ ಒತ್ತಿದರು, ಬೆನ್ನಿಗೆ ಸ್ಟೆತಾಸ್ಕೋಪು ಇಟ್ಟರು, ನಾಲಿಗೆ ಚಾಚು ಎಂದರು. ಆಮೇಲೆ ಗೋಡೆಯ ಕಡೆ ತಿರುಗಿ ಮೈಕಿಗೆ ಶುರುಮಾಡಿದರು: ‘ಫೀಮೇಲ್, ಫಾರ್ಟಿ ಸಿಕ್ಸ್ ಇಯರ್ಸ್, ಕಾಮಾ...’

ಶಿವಶಿವಾ, ಅವರ ಬಾಯಿಂದ ಬಿದ್ದ ಮಾತು ಪರದೆಯ ಮೇಲೆ ಸಾಲಾಗಿ ಇರುವೆಯಂತೆ ಹರಿಯತೊಡಗಿತು! ರಾಚಯ್ಯ ಬಾಯಿ ಬಿಟ್ಟುಕೊಂಡು ನೋಡಿದ. ಎಡಗೈಯಿಲ್ಲ, ಭುಜವಿಲ್ಲ, ಬಸ್ಸಿನಲ್ಲಿ ಕೊಟ್ಟ ಮಾತಿಲ್ಲ, ಎಲ್ಲ ಆ ಇರುವೆಯ ಸಾಲಿನ ಹಿಂದೆ ಹೊರಟುಹೋಯಿತು. ಡಾಕ್ಟರು ಒಂದೊಂದು ವಾಕ್ಯ ಮುಗಿಸಿ ‘ಫುಲ್ ಸ್ಟಾಪ್’ ಎಂದಾಗಲೂ ಅವನು ‘ಊ ಸಾ’ ಎಂದ. ಮಧ್ಯೆ ಬಾಯಿ ಹಾಕಬಾರದು ಎಂದರೆ ಊಂಗುಟ್ಟಬಾರದು ಎಂದು ಅರ್ಥವೇ? ಎಲ್ಲಾದರೂ ಉಂಟೇ! ಡಾಕ್ಟರೂ ಬೇಡವೆನ್ನಲಿಲ್ಲ. ಮಲ್ಲಾಜಮ್ಮ ಗಂಡನ ಮುಖ ನೋಡಿದಳು, ತೋಳು ತಿವಿದಳು. ಅವನು ತಿರುಗದೇ ಇದ್ದದ್ದನ್ನು ಕಂಡು ಕೊನೆಗೆ ತಾನೇ ಏನೋ ಹೇಳಲು ಬಾಯಿ ತೆರೆದಳು. ರಾಚಯ್ಯ, ‘ಸುಮ್ಕಿರಮ್ಮೀ, ಸಾಯೇಬ್ರು ಮಾತಾಡ್ತಾವ್ರೆ!’ ಎಂದು ಅವಳ ಮಾತಿನ ಮೇಲೇ ಬಿದ್ದ. ಅವಳು ಸೆರಗು ಸರಿ ಮಾಡಿಕೊಂಡು ಸುಮ್ಮನಾದಳು.

ಗ್ಯಾಸು ಎಂದರು. ಒಂದು ಇಂಜೆಕ್ಷನ್ ಕೊಟ್ಟು ಮಾತ್ರೆ ಬರೆಸಿದರು, ಪೆಟ್ಟಿಗೆ ಬರೆದುಕೊಂಡದ್ದನ್ನು ಸರ್ವಮಂಗಳಾ ಅಚ್ಚು ಹಾಕಿ ಕೈಗೆ ಕೊಟ್ಟಳು. ಬಸ್ ಸ್ಟ್ಯಾಂಡಿನಲ್ಲಿ ರಾಚಯ್ಯ ರಸಬಾಳೆ ಕೊಂಡ. ಊರಿಗೆ ಬರುವವರೆಗೂ ಅವನ ಬಾಯಲ್ಲಿ ಪೆಟ್ಟಿಗೆಯದೇ ಸುದ್ದಿ. ‘ಕೈ ವಿಚಾರ ಏಳುದ್ರಾ?’ ಎಂದು ಅವಳು ಒಂದು ಸಲ ಕೇಳಿದಳು. ‘ಸೂಜಿ ಚುಚ್ಚವ್ರಲ್ಲ, ಎಲ್ಲಾದ್ಕೂ ಅದೇಯ ಬುಡಮ್ಮಿ’ ಎಂದ.

ಮರುದಿನ ಬೆಳಿಗ್ಗೆ ಹಸು ಕರೆಯಲು ಕೂತವಳು ಚೊಂಬಿನ ಮೇಲೆಯೇ ವಾಲಿದಳು. ಚೈತ್ರ ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ಎಂದರು ಆಮೇಲೆ ಬಂದು ನೋಡಿದ ಸರ್ಕಾರಿ ಡಾಕ್ಟರು. ಗಿರಣಿಯ ಹಿಂದಿನ ಹೊಲದಲ್ಲಿ ಸಮಾಧಿ ಮಾಡಿದರು. ರಾಚಯ್ಯ ಮಣ್ಣು ಹಾಕಿ ಬಂದವನು ಜಗಲಿಯಲ್ಲಿ ಕೂತು, ಊರೆಲ್ಲ ಕೇಳುವಂತೆ ಗೋಳೋ ಎಂದು ಅತ್ತ.

ಅತ್ತು ಹಗುರಾಗುವ ಭಾಗ್ಯವಾದರೂ ಇದ್ದಿದ್ದರೆ ಸಾಕಿತ್ತು. ಹನ್ನೊಂದನೇ ದಿನದ ಗಣಾರಾಧನೆಗೆ ಮಲ್ಲಾಜಮ್ಮನ ಅಣ್ಣ ಶಿವಣ್ಣ ನರಸೀಪುರದಿಂದ ಬಂದ. ಬೆಲ್ಲದ ಮಂಡಿಯ ಯಜಮಾನ, ಮಾತು ಬೆಲ್ಲವಲ್ಲ. ಊಟ ಮುಗಿದು ಜಂಗಮರು ಹೊರಟ ಮೇಲೆ, ಅಲ್ಲೇ ಗೂಡಿನಲ್ಲಿದ್ದ ಆಸ್ಪತ್ರೆಯ ಕಾಗದ ಎತ್ತಿ, ‘ಏನ್ ಬರ್ದವ್ರೆ ಓದವ್ವ’ ಎಂದು ಚೈತ್ರಳ ಕೈಗೆ ಕೊಟ್ಟ. ಚೈತ್ರ ಬಿ.ಎ. ಮುಗಿಸಿ ನಂಜನಗೂಡಿನ ಕಾನ್ವೆಂಟಿನಲ್ಲಿ ಪಾಠ ಹೇಳುತ್ತಿದ್ದವಳು. ಮನೆಯಲ್ಲಿ ಇಂಗ್ಲಿಷ್ ಬಲ್ಲವಳು ಅವಳೊಬ್ಬಳೇ. ಗಟ್ಟಿಯಾಗಿ ಓದಿ ಓದಿ ಕನ್ನಡದಲ್ಲಿ ಹೇಳುತ್ತಾ ಬಂದವಳು ಕೊನೆಯ ಸಾಲಿಗೆ ನಿಂತುಬಿಟ್ಟಳು.

‘ಅದೇನು ಏಳು’ ಎಂದ ಶಿವಣ್ಣ.

‘ಹೆಚ್ಚಿನ ಪರೀಕ್ಷೆಗೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂತ ಹೇಳಲಾಯ್ತು. ಜೊತೇಲಿದ್ದವರು ಒಪ್ಪಲಿಲ್ಲ.’

ಅಂಗಳದಲ್ಲಿ ಎಲೆ ಎತ್ತುತ್ತಿದ್ದವರ ಕೈಗಳೂ ನಿಂತವು. ಶಿವಣ್ಣನ ಮುಖ ಕೆಂಡವಾಯಿತು. ‘ಏನ್ ಭಾವಾ! ಮೈಸೂರೇನು ಕಾಶಿಯಾ? ನಂಗೊಂದ್ ಮಾತು ಏಳಿದ್ರೆ ನಾನೇ ಕಾರು ಮಾಡ್ಕೊಂಡು ಬತ್ತಿರ್ನಿಲ್ವಾ? ಗಿರಣಿ ಒಂದಿನ ನಿಂತೋಯ್ತದೆ ಅಂತ ನನ್ ತಂಗೀನ ಮಣ್ಗಾಕ್ಬುಟ್ರಲ್ಲಾ!’

‘ಅವ್ರ್ ಅಂಗಂದೇ ಇಲ್ಲ ಕಣೋ! ನಂಜುಂಡೇಶ್ವರನ ಪಾದದಾಣೆ, ಮೈಸೂರು ಅನ್ನೋ ಮಾತೇ ಬರ್ನಿಲ್ಲ!’ ಎಂದು ರಾಚಯ್ಯ ಎದೆ ಬಡಿದುಕೊಂಡ. ಶಿವಣ್ಣ ಹೆಗಲಿನ ವಸ್ತ್ರ ಕೊಡವಿ ಎದ್ದುಹೋದ. ಹೊಸ್ತಿಲ ಹೊರಗೆ ನಿಂತು ಚೈತ್ರಳಿಗೆ, ‘ಈ ಮನೇಲಿ ಇರಾಕೆ ನಿಂಗೆ ಮನಸ್ಸೊಪ್ಪದಿದ್ರೆ ನಮ್ಮನೆ ಅದೆ ಕಣವ್ವ’ ಎಂದೂ ಹೇಳಿದ.

ಎಲ್ಲರೂ ಹೋದ ಮೇಲೆ ಚೈತ್ರ ಬಂದು ಅಪ್ಪನ ಎದುರು ಕೂತಳು. ‘ಅಪ್ಪಾ, ನೀನು ಒಪ್ಪಲಿಲ್ವಾ?’ ಎಂದು ಕೇಳಿದಳು. ಕೋಪವಿರಲಿಲ್ಲ, ಕೇಳಿದಳು ಅಷ್ಟೇ. ರಾಚಯ್ಯ ಕೊರಳಿನ ಲಿಂಗದ ಕರಡಿಗೆ ಮುಟ್ಟಿ ಇಲ್ಲ ಎಂದ. ‘ಹಂಗಾದ್ರೆ ನಂಗೆ ಸಾಕು’ ಎಂದಳು ಮಗಳು. ಆ ಒಂದು ಮಾತಿನ ಮೇಲೆ ಅವನು ಅಂದಿನಿಂದ ಉಸಿರಾಡಿದ. ಊರು ಏನಾದರೂ ಅನ್ನಲಿ, ಶಿವಣ್ಣ ಏನಾದರೂ ಅನ್ನಲಿ, ಮಗಳು ನಂಬಿದ್ದಾಳೆ. ಆ ನಂಬಿಕೆಯ ಮೇಲೆ ಬಿದ್ದ ಆ ಸುಳ್ಳು ಸಾಲನ್ನು ಹೇಗಾದರೂ ಅಳಿಸಿಹಾಕಬೇಕು. ಬೇರೆ ಏನೂ ಅವನಿಗೆ ಬೇಕಿರಲಿಲ್ಲ. ಬಸ್ಸಿನ ಮಾತು ಮಾತ್ರ ಅವನು ಮಗಳಿಗೂ ಹೇಳಲಿಲ್ಲ, ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಮೊದಲು ಡಾಕ್ಟರ ಹತ್ತಿರವೇ ಹೋದ. ಅಮೃತೇಶ್ ಎದ್ದು ನಿಂತು, ಹೆಗಲ ಮೇಲೆ ಕೈಯಿಟ್ಟು, ಆದದ್ದಕ್ಕೆ ನೊಂದುಕೊಂಡರು. ಸಾಲಿನ ಮಾತು ಬಂದಾಗ ಮಾತ್ರ ಕೈ ತೆಗೆದರು.

‘ನಾನು ನಿಮ್ಮೆದುರಿಗೇ ಹೇಳಿ ಬರೆಸಿದ್ದು ರಾಚಯ್ಯನೋರೆ, ಕದ್ದು ಬರೆದದ್ದಲ್ಲ. ನೀವು ಊಂ ಅಂದ್ರಿ.’

‘ನೀವು ಇಂಗ್ಲೀಸಲ್ ಏಳಿದ್ರೆ ನಂಗೇನ್ ಗೊತ್ತಾಯ್ತದೆ ಸಾ?’

‘ಗೊತ್ತಾಗದೆ ಇದ್ರೆ ಊಂ ಅಂತ ಯಾಕಂದ್ರಿ?’

ಇದಕ್ಕೇನು ಹೇಳುವುದು? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿ ನಾವು ಎಂದು ಹೇಳುವುದೇ? ಅದೂ ಮಠದ ಶಾಲೆಯಲ್ಲಿ ಊಂಗುಟ್ಟುತ್ತಲೇ ಬೆಳೆದ ಮನುಷ್ಯನಿಗೆ! ಎಷ್ಟು ಕೈಮುಗಿದರೂ ಡಾಕ್ಟರು ಸಾಲು ತೆಗೆಯಲೊಪ್ಪಲಿಲ್ಲ. ಹೊರಗೆ ಬರುವಾಗ ಸರ್ವಮಂಗಳಾ ಬಾಗಿಲ ಮರೆಗೆ ಕರೆದು ಪಿಸುಗುಟ್ಟಿದಳು: ‘ಆ ಸಾಲು ಎಲ್ಲರ ಕಾಗದದಲ್ಲೂ ಇರುತ್ತೆ ಕಣ್ರೀ. ಮೇಲೆ ಕೇಸು ಗೀಸು ಬಂದ್ರೆ ಇರ್ಲಿ ಅಂತ. ನಾನು ಹೇಳ್ದೆ ಅಂತ ಮಾತ್ರ ಎಲ್ಲೂ ಅನ್ಬೇಡಿ, ನನ್ನ ಅನ್ನಕ್ಕೆ ಕಲ್ಲು ಹಾಕ್ಬೇಡಿ.’

ನರಸೀಪುರದ ವಕೀಲ ಕಾಂತರಾಜು ಕೇಳಿ ತಲೆಯಾಡಿಸಿದ. ‘ಸಾಲು ಅಳಿಸೋ ಕೋರ್ಟು ಯಾವುದೂ ಇಲ್ಲ ಯಜಮಾನ್ರೆ. ಮೈಸೂರಿನ ಗ್ರಾಹಕರ ಕೋರ್ಟಲ್ಲಿ ಪರಿಹಾರ ಕೇಳಬೇಕು. ಗೆದ್ದರೆ ಸಾಲು ಸುಳ್ಳು ಅಂತ ತಾನಾಗೇ ಆಗುತ್ತೆ.’

‘ದುಡ್ಡು ಯಾರಿಗ್ ಬೇಕು ಸಾಮಿ? ಮಠಕ್ಕೆ ಕೊಟ್ಬುಡ್ತೀನಿ. ನಾನು ಒಪ್ನಿಲ್ಲ ಅನ್ನೋದು ಸುಳ್ಳು ಅಂತ ಆಗ್ಬೇಕು, ಅಷ್ಟೇಯ.’

ಕೇಸು ಎದ್ದು, ಮುಂದಕ್ಕೆ ಹೋಗಿ, ಇನ್ನಷ್ಟು ಮುಂದಕ್ಕೆ ಹೋಗಿ, ವರ್ಷ ಒಂದೂವರೆ ಕಳೆಯಿತು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂದು ಊರಿನವರು ಎದುರಿಗೇ ಆಡಿಕೊಂಡರು. ಪ್ರತಿ ವಾಯಿದೆಗೂ ಚೈತ್ರ ಶಾಲೆಗೆ ರಜೆ ಹಾಕಿ ಅಪ್ಪನ ಜೊತೆ ಮೈಸೂರಿಗೆ ಬಂದಳು. ಬಂದ ಗಂಡುಗಳನ್ನು, ಕೇಸು ಮುಗಿಯಲಿ ಎಂದು ತಿರುಗಿಸಿ ಕಳಿಸಿದಳು. ಗಿರಣಿಯ ಮುಂದೆ ಯಾರೋ, ‘ಎಂಡ್ತೀನ ಮೈಸೂರ್ಗೆ ಕರ್ಕೋಗ್ನಿಲ್ಲ, ಈಗ ಕೇಸಿಗೆ ಮಾತ್ರ ಓಯ್ತಾನೆ’ ಎಂದಾಗ ಅವಳೇ ಹೊರಗೆ ಬಂದು, ‘ನಮ್ಮಪ್ಪ ಸುಳ್ಳು ಹೇಳೋ ಜನ ಅಲ್ಲ. ಹಿಟ್ಟು ತಗೊಂಡು ನಡೀರಿ’ ಎಂದು ಗದರಿಸಿ ಕಳಿಸಿದಳು. ಒಳಗೆ ರಾಚಯ್ಯ ಗಿರಣಿಯ ಬೆಲ್ಟು ಹಿಡಿದು ನಿಂತಿದ್ದ. ಖುಷಿಯಾಗಬೇಕಿತ್ತು, ಮಗಳ ಮುಖ ನೋಡದೆ ಬೆಲ್ಟು ಏರಿಸಿ ಗಿರಣಿ ಶುರುಮಾಡಿದ.

ಆ ವರ್ಷದ ಶ್ರಾವಣದಲ್ಲಿ ಡಾಕ್ಟರ ಕಡೆಯ ವಕೀಲ ಒಂದು ಸಿಡಿ ಹಾಜರುಮಾಡಿದ. ಡಾಕ್ಟರ ಕಂಪ್ಯೂಟರು ಬರೆದುಕೊಳ್ಳುವುದಷ್ಟೇ ಅಲ್ಲ, ಕೇಳಿದ ದನಿಯನ್ನೂ ತಿದ್ದುವವರಿಗೆಂದು ಹಾಗೇ ಇಟ್ಟುಕೊಳ್ಳುತ್ತದೆ, ಅರ್ಜಿದಾರರು ತಕರಾರಿಲ್ಲದೆ ಒಪ್ಪಿದ್ದು ಇದರಲ್ಲಿದೆ ಎಂದ. ಮಾತು ಆಡಿದರೆ ಹೋಯಿತು ಎಂದು ಹಿರಿಯರು ಅಂದರು. ಪಾಪ, ಅವರು ಈ ಪೆಟ್ಟಿಗೆ ನೋಡಿರಲಿಲ್ಲ. ರಾಚಯ್ಯ ಹೆದರಿದ. ಊಂ ಎಂದದ್ದಕ್ಕಲ್ಲ, ಅದನ್ನು ಅವನು ಮುಚ್ಚಿಟ್ಟಿರಲಿಲ್ಲ. ಆ ಕೋಣೆಯಲ್ಲಿ ಬೇರೇನು ಆಡಿದೆ ಎಂದು ಅವನಿಗೆ ಆಗ ನೆನಪಾಯಿತು. ‘ಮಗಳು ಒರ್ಗಡೆ ಇರ್ಲಿ ಸಾ’ ಎಂದು ಕಾಂತರಾಜುವಿನ ಕಿವಿಯಲ್ಲಿ ಉಸುರಿದ. ‘ಯಾಕೆ? ಇಂಗ್ಲಿಷ್ ಅರ್ಥ ಮಾಡ್ಕೊಳಕ್ಕೆ ಅವಳೇ ಇರಬೇಕು’ ಎಂದ ವಕೀಲ. ಹಿಂದಿನ ಬೆಂಚಿನಲ್ಲಿ ಶಿವಣ್ಣನೂ ಬಂದು ಕೂತಿದ್ದ.

ಲ್ಯಾಪ್‌ಟಾಪಿಗೆ ಎರಡು ಸ್ಪೀಕರು ಹಾಕಿ ನುಡಿಸಿದರು. ಅಮೃತೇಶರ ದನಿ ಸ್ಪಷ್ಟವಾಗಿ ಬಂತು. ಫೀಮೇಲ್, ಫಾರ್ಟಿ ಸಿಕ್ಸ್ ಇಯರ್ಸ್, ಕಾಮಾ. ಒಂದೊಂದು ಫುಲ್ ಸ್ಟಾಪಿಗೂ ಗಿರಣಿಯ ಗಂಟಲಿನ ‘ಊ ಸಾ’. ಕೋರ್ಟಿನಲ್ಲಿ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ದೂರದಲ್ಲಿ, ಬಾವಿಯ ಒಳಗಿನಿಂದ ಬಂದಂತೆ, ಒಂದು ಹೆಣ್ಣು ದನಿ ಕೇಳಿತು.

‘ಸಾ, ನಂಗೆ ಈ...’

‘ಸುಮ್ಕಿರಮ್ಮೀ, ಸಾಯೇಬ್ರು ಮಾತಾಡ್ತಾವ್ರೆ!’

ಅವಳ ಮಾತು ನಿಂತಿರಲಿಲ್ಲ. ಅವನ ಕೂಗಿನ ಅಡಿಯಲ್ಲಿ ಅದು ಇನ್ನೂ ಸ್ವಲ್ಪ ದೂರ ನಡೆದಿತ್ತು. ಕೂಗು ಮುಗಿಯುವಷ್ಟರಲ್ಲಿ ಅದೂ ಮುಗಿದಿತ್ತು. ಡಾಕ್ಟರ ಇಂಗ್ಲಿಷು ಮುಂದುವರಿಯಿತು, ಮೈಸೂರಿಗೆ ಹೋಗಲು ಒಪ್ಪಲಿಲ್ಲ ಎಂಬ ಸಾಲು ಬಂತು, ಫುಲ್ ಸ್ಟಾಪ್ ಬಂತು, ‘ಊ ಸಾ’ ಬಂತು. ರಾಚಯ್ಯ ಮಗಳ ಕಡೆ ನೋಡಲಿಲ್ಲ. ನೋಡುವ ಧೈರ್ಯ ಯಾವ ಗಂಡಸಿಗೆ ಇರುತ್ತದೆ!

ಕಾಂತರಾಜು ಹಸಿದ ಹುಲಿಯಂತೆ ಎದ್ದ. ಮೈಸೂರಿನ ಮಾತು ಕನ್ನಡದಲ್ಲಿ ಆಡಿಯೇ ಇಲ್ಲ, ನೋಡಿ. ರೋಗಿ ಏನೋ ಹೇಳುತ್ತಿದ್ದಾಳೆ, ಡಾಕ್ಟರು ಕಿವಿಗೇ ಹಾಕಿಕೊಂಡಿಲ್ಲ, ನೋಡಿ. ಅಮೃತೇಶ್ ಎದ್ದು ನಿಂತು, ‘ಆಕೆಯ ಮಾತು ನನಗೆ ಕೇಳಿಸಲಿಲ್ಲ. ತೋಳು ನೋವು ಅಂತ ಯಾರಾದರೂ ಒಂದು ಮಾತು ಅಂದಿದ್ದರೆ ಅಲ್ಲೇ ಇಸಿಜಿ ತೆಗೆಸುತ್ತಿದ್ದೆ. ಮಿಷನ್ನು ಪಕ್ಕದ ಕೋಣೆಯಲ್ಲೇ ಇತ್ತು’ ಎಂದರು. ಅದು ಸುಳ್ಳಿರಲಿಲ್ಲ. ಅದು ರಾಚಯ್ಯನಿಗೂ ಗೊತ್ತಾಯಿತು.

ಗ್ರಾಹಕರ ಕೋರ್ಟಿನ ಅಧ್ಯಕ್ಷರು ಕನ್ನಡಕ ತೆಗೆದು ಅವನನ್ನೇ ಕೇಳಿದರು, ಸಮಾಧಾನವಾಗಿ, ಕನ್ನಡದಲ್ಲಿ. ‘ನಿಮ್ಮ ಹೆಂಡತಿ ಏನು ಹೇಳಲು ಹೊರಟಿದ್ದರು? ನಿಮಗೇನಾದರೂ ಗೊತ್ತೇ?’

ಕಾಂತರಾಜು ಹಿಂದಿನಿಂದ, ‘ಹೇಳಿ, ಗೊತ್ತಿದ್ರೆ ಹೇಳ್ಬಿಡಿ’ ಎಂದು ತಿವಿದ. ಹೇಳಿದರೆ ಕೇಸು ಎದ್ದು ನಿಲ್ಲುತ್ತಿತ್ತು. ಹೇಳಿದರೆ, ಗೊತ್ತಿದ್ದೂ ನೀನೇಕೆ ಹೇಳಲಿಲ್ಲ ಎಂದು ಕೋರ್ಟು ಕೇಳುತ್ತಿತ್ತು. ಕೋರ್ಟು ಕೇಳಿದರೆ ಕೇಳಲಿ, ಎರಡು ಮಾರು ದೂರದಲ್ಲಿ ಚೈತ್ರ ಕೂತಿದ್ದಳು. ಎದೆಹಾಲಿನಲ್ಲಿ ಬಂದ ಆ ಊಂ ಅವನ ಜನ್ಮದಲ್ಲೇ ಮೊದಲ ಸಲ ಬಾಯಿಗೆ ಬರಲಿಲ್ಲ.

‘ಗೊತ್ತಿಲ್ಲ ಸಾ’ ಎಂದ.

ತಿಂಗಳ ಮೇಲೆ ತೀರ್ಪು ಬಂತು. ರೋಗಿ ಬೇರೆ ಲಕ್ಷಣ ಹೇಳಿದ್ದಕ್ಕೆ ಸಾಕ್ಷ್ಯವಿಲ್ಲ, ಅರ್ಜಿದಾರರು ಆಕ್ಷೇಪಿಸಿದ್ದಕ್ಕೂ ಸಾಕ್ಷ್ಯವಿಲ್ಲ, ಅರ್ಜಿ ವಜಾ. ಸಾಲು ಇದ್ದಲ್ಲೇ ಉಳಿಯಿತು. ಕಾಂತರಾಜು ಮೇಲಿನ ಕೋರ್ಟಿಗೆ ಹೋಗೋಣ ಎಂದ. ರಾಚಯ್ಯ ಬೇಡವೆಂದ. ಚೈತ್ರ ಆ ದಿನ ವಕೀಲನನ್ನು ಕೇಳಿದ್ದು ಒಂದೇ. ‘ಆ ಸಿಡೀದು ಒಂದು ಕಾಪಿ ನಂಗೆ ಬೇಕು ಸರ್.’

ಮಲ್ಲಾಜಮ್ಮನ ದನಿ ಮನೆಯಲ್ಲಿ ಬೇರೆಲ್ಲೂ ಇರಲಿಲ್ಲ. ಫೋಟೋ ಎರಡಿದ್ದವು. ನರಸೀಪುರದ ಮದುವೆಯೊಂದರ ವೀಡಿಯೋದಲ್ಲಿ ಅವಳು ಬಡಿಸುತ್ತಾ ನಗುತ್ತಾ ಏನೋ ಹೇಳುವುದಿತ್ತು. ಹಾಳು ಸ್ಟುಡಿಯೋದವನು ಅದರ ಮೇಲೆಲ್ಲ ಸಿನಿಮಾ ಹಾಡು ತುಂಬಿಬಿಟ್ಟಿದ್ದ. ಭೂಮಿಯ ಮೇಲೆ ಅವಳ ದನಿ ಉಳಿದಿದ್ದದ್ದು ಆ ಮೂರು ಮಾತಿನಷ್ಟು ಮಾತ್ರ.

ಚೈತ್ರ ಸಿಡಿಯನ್ನು ನಂಜನಗೂಡಿನ ಮಹದೇವನ ಕಂಪ್ಯೂಟರ್ ಸೆಂಟರಿಗೆ ಒಯ್ದಳು. ಎರಡು ಮೂರು ದಿನ ಅಲ್ಲಿಗೇ ಅಲೆದಳು. ರಾಚಯ್ಯ ಕೇಳಲಿಲ್ಲ, ಅವಳು ಹೇಳಲಿಲ್ಲ. ಮನೆಯಲ್ಲಿ ಅನ್ನ ಬೇಯುತ್ತಿತ್ತು, ಬಡಿಸುವುದಾಗುತ್ತಿತ್ತು, ನೀರು ಬೇಕಾ ಎನ್ನುವಷ್ಟು ಮಾತು ನಡೆಯುತ್ತಿತ್ತು. ಅದಕ್ಕಿಂತ ಬೈದಿದ್ದರೆ ವಾಸಿ ಎಂದು ಅವನಿಗೆ ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಅವಳು ಜಗಲಿಗೆ ಬಂದು, ಅವನ ಎದುರು, ಗಣಾರಾಧನೆಯ ದಿನ ಕೂತ ಹಾಗೆಯೇ ಕೂತಳು.

‘ಮಹದೇವಣ್ಣ ಆಗಲ್ಲ ಅಂದ್ರು ಅಪ್ಪಾ. ಎರಡು ದನೀನೂ ಒಂದರ ಮೇಲೊಂದು ಬಿದ್ದಿದೆಯಂತೆ. ನಿಂದು ತೆಗೆದ್ರೆ ಅಮ್ಮಂದೂ ಹೋಗುತ್ತಂತೆ.’

ಅವಳು ಸಿಡಿಯನ್ನು ಇಬ್ಬರ ನಡುವೆ ಜಗಲಿಯ ಮೇಲಿಟ್ಟಳು.

‘ಅಮ್ಮ ಏನು ಹೇಳಕ್ಕೆ ಹೋಗಿದ್ಳು?’

ಕೋರ್ಟಿನಲ್ಲಿ ಹೇಳಿದ ಮಾತನ್ನೇ ಇನ್ನೊಂದು ಸಲ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅವಳು ನಂಬುತ್ತಿದ್ದಳೋ ಇಲ್ಲವೋ, ನಂಬಿದಂತೆ ಇರುತ್ತಿದ್ದಳು, ಮನೆಯಲ್ಲಿ ಇರುತ್ತಿದ್ದಳು. ಬಾಯಿ ತೆರೆದ. ಸುಳ್ಳು ಬರಲಿಲ್ಲ. ಆ ಮೂರು ಮಾತಿನ ಮುಂದಿನದು ಇಡೀ ಲೋಕದಲ್ಲಿ ತನ್ನೊಬ್ಬನ ಹತ್ತಿರ ಇದೆ, ಅದನ್ನೂ ನುಂಗಿದರೆ ಅವಳು ಎರಡನೇ ಸಲ ಸತ್ತಂತೆ ಎಂದು ಅನ್ನಿಸಿತು.

‘ಎಡಗೈ’ ಎಂದ. ‘ಭುಜದಿಂದ ಕೆಳೀಕೆ ಸೆಳೀತದೆ ಅಂತ. ಬಸ್ಸಲ್ಲಿ ನಂಗೇಳಿದ್ಳು. ಸಾಯೇಬ್ರಿಗೆ ನೀವೇ ಏಳ್ಬುಡಿ ಅಂದಿದ್ಳು.’

‘ನಿಂಗೆ ಗೊತ್ತಿತ್ತಾ?’

‘ಗೊತ್ತಿತ್ತು ಕಣವ್ವ.’

ಅವಳು ಅಳಲಿಲ್ಲ, ಕೂಗಲಿಲ್ಲ. ‘ಮೈಸೂರಿಗೆ ನೀನು ಒಪ್ಪಲಿಲ್ಲ ಅನ್ನೋದು ಸುಳ್ಳೇ ಅಪ್ಪಾ. ಅದನ್ನ ನಾನು ಈಗ್ಲೂ ನಂಬ್ತೀನಿ’ ಎಂದಳು. ಅಷ್ಟು ಹೇಳಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಟ್ಟೆಯ ಚೀಲ ಹಿಡಿದು ಬಂದ ಮಗಳು, ಸಾರು ಒಲೆಯ ಮೇಲಿದೆ, ಹಸುವಿಗೆ ನೀರು ಇಟ್ಟಿದ್ದೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿದಳು.

ರಾಚಯ್ಯ ಎಲ್ಲಿಗೆ ಎಂದು ಕೇಳಲಿಲ್ಲ. ಸಂಜೆಯ ನರಸೀಪುರದ ಬಸ್ಸು ಊರ ಮುಂದೆ ಬಂದು ನಿಂತದ್ದು, ಬಾಗಿಲು ಬಡಿದದ್ದು, ಹೊರಟದ್ದು ಅವನ ಮಂದ ಕಿವಿಗೂ ಕೇಳಿಸಿತು. ಆಚೆ ಮನೆಯ ಪಾಪಮ್ಮ ಬಂದು, ‘ಚೈತ್ರವ್ವ ಚೀಲ ಇಡ್ಕೊಂಡು ಎತ್ಲಾಗೋದ್ಲು ರಾಚಯ್ನೋರೆ?’ ಎಂದು ವಿಚಾರಿಸಿದಳು.

‘ಅವ್ಳ ಮಾವನ್ ಮನೆಗೆ’ ಎಂದ. ಅಷ್ಟು ಮೆಲ್ಲಗೆ ಹೇಳಿದ, ಪಾಪಮ್ಮ ಬಗ್ಗಿ ಇನ್ನೊಂದು ಸಲ ಕೇಳಬೇಕಾಯಿತು.